ಪಾಸ್ತಾ ಮುದ್ದೆಯಾಗದಂತೆ: ಗೋಧಿ ಆರಿಸುವುದರಿಂದ ಬುತ್ತಿಗೆ ಕಟ್ಟುವವರೆಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಪಾಸ್ತಾ ಕುರಿತು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಮೂರೇ. ಬೇಯಿಸಿದ್ದು ಮುದ್ದೆಯಾಗುತ್ತದೆ, ಸಾಸು ತಟ್ಟೆಯ ತಳದಲ್ಲಿ ನೀರಾಗಿ ನಿಲ್ಲುತ್ತದೆ, ಮನೆಯಲ್ಲಿ ನಾದಿದ ಹಿಟ್ಟು ಬಿರಿಯುತ್ತದೆ ಇಲ್ಲವೆ ಕೈಗೆ ಅಂಟುತ್ತದೆ. ಮಸಾಲೆ ಬದಲಿಸಿದರೆ ಇವು ಸರಿಹೋಗುವುದಿಲ್ಲ, ಏಕೆಂದರೆ ತಪ್ಪು ಇರುವುದು ಗೋಧಿಯ ಜಾತಿಯಲ್ಲಿ ಮತ್ತು ನೀರಿನ ಅಳತೆಯಲ್ಲಿ. ಶ್ಯಾವಿಗೆ ಮಾಡಿ ಬಲ್ಲ ಮನೆಯಲ್ಲಿ ಈ ಮಾತು ಹೊಸದೇನಲ್ಲ. ಯಾವ ಗೋಧಿ ಎಳೆ ಬಿಡುತ್ತದೆ, ಯಾವುದು ತುಂಡಾಗುತ್ತದೆ ಎಂಬುದನ್ನು ಅಲ್ಲಿಯ ಹಿರಿಯರು ಹಿಟ್ಟು ಮುಟ್ಟಿಯೇ ಹೇಳುತ್ತಾರೆ. ಆ ತಿಳಿವಳಿಕೆಯನ್ನೇ ಪಾಸ್ತಾಕ್ಕೂ ತಂದುಕೊಳ್ಳಬೇಕು.

## ಕೈಗೆ ಎಟುಕುವಂತೆ ಇರಬೇಕಾದವು

ಐದು ಲೀಟರ್ ಹಿಡಿಯುವ ಪಾತ್ರೆ, ಬಸಿಯಲು ಜಾಲರಿ, ಅಗಲ ಬಾಯಿಯ ಬಾಣಲೆ, ತೂತಿನ ಸೌಟು, ಗ್ರಾಂ ತೋರಿಸುವ ಸಣ್ಣ ತಕ್ಕಡಿ: ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಇವುಗಳಲ್ಲಿ ತಕ್ಕಡಿಯನ್ನು ಮಾತ್ರ ಬಿಡಬೇಡಿ. ಒಂದೇ ಬಟ್ಟಲಿನಲ್ಲಿ ಸಡಿಲವಾಗಿ ಸುರಿದ ರವೆಗೂ ತಟ್ಟಿ ತುಂಬಿದ ರವೆಗೂ ತೂಕದಲ್ಲಿ ವ್ಯತ್ಯಾಸ ಬರುತ್ತದೆ, ಆ ವ್ಯತ್ಯಾಸವೇ ನಾದುವಾಗ ಹಿಟ್ಟನ್ನು ಕೆಡಿಸುತ್ತದೆ.

ಸಾವಿರಾರು ರೂಪಾಯಿಯ ಪಾಸ್ತಾ ಯಂತ್ರವನ್ನು ಮೊದಲ ದಿನವೇ ಕೊಳ್ಳಬೇಕಾಗಿಲ್ಲ. ಅಟ್ಟದ ಮೇಲೆ ಶ್ಯಾವಿಗೆ ಯಂತ್ರವೋ ಗೀರುಗಳಿರುವ ಶ್ಯಾವಿಗೆ ಮಣೆಯೋ ಇದ್ದರೆ ಇಳಿಸಿ, ಒರೆಸಿ, ಒಣಗಿಸಿ ಇಟ್ಟುಕೊಳ್ಳಿ. ಎರಡೂ ಕೆಲಸಕ್ಕೆ ಬರುತ್ತವೆ.

## ಹಂತ 1: ಅಂಗಡಿಯಲ್ಲಿ ಆರಿಸುವುದು

ಪೊಟ್ಟಣದ ಮುಂಬದಿಯ ಚಿತ್ರವನ್ನು ಬಿಟ್ಟು ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಬೇಕು. ಅಲ್ಲಿ ಮೊದಲ ಹೆಸರು ‘ಡ್ಯೂರಮ್ ವೀಟ್ ಸೆಮೋಲಿನಾ’ ಎಂದಿರಬೇಕು. ಡ್ಯೂರಮ್ ಎಂಬುದು ಗಟ್ಟಿ ಕಾಳಿನ, ಒಳಗೆ ಹಳದಿ ಬಣ್ಣದ ಗೋಧಿ. ಅದರ ಅಂಟು ಬಿಗಿಯಾಗಿ ಜಾಲದಂತೆ ಹೆಣೆದುಕೊಂಡು ಕುದಿನೀರಿನಲ್ಲಿಯೂ ಪಿಷ್ಟವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಟಲಿಯಲ್ಲಿ ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನನ್ನೇ ಮಾಡಿದ್ದಾರೆ. ಮೈದಾದಿಂದ ಮಾಡಿದ್ದರ ಜಾಲ ಸಡಿಲವಾಗಿರುವುದರಿಂದ ಪಿಷ್ಟ ಬೇಗ ಹೊರಬರುತ್ತದೆ. ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಸಿಗುವ ಬೆಳ್ಳನೆಯ ಮ್ಯಾಕರೋನಿ ಎಷ್ಟು ಜೋಪಾನ ಮಾಡಿದರೂ ಮುದ್ದೆಯಾಗುವುದಕ್ಕೆ ಬಹಳ ಸಲ ಇದೇ ಕಾರಣ.

ನೂರು ಗ್ರಾಂಗೆ ಪ್ರೋಟೀನ್ 12 ಗ್ರಾಂ ಅಥವಾ ಅದಕ್ಕೂ ಹೆಚ್ಚು ಇದ್ದರೆ ಒಳ್ಳೆಯದು. ಗಾಢ ಹಳದಿಯನ್ನು ಕಂಡು ಮರುಳಾಗಬೇಡಿ, ಬಣ್ಣ ಸೇರಿಸಿದ್ದರೆ ಪಟ್ಟಿಯಲ್ಲಿಯೇ ಬರೆದಿರುತ್ತಾರೆ. ಪೊಟ್ಟಣವನ್ನು ಬೆಳಕಿಗೆ ಹಿಡಿದಾಗ ತುಂಡುಗಳಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಥವಾ ತಳದಲ್ಲಿ ಪುಡಿ ಸೇರಿದ್ದರೆ ಕೊಳ್ಳಬೇಡಿ. ಬಿರುಕು ಬಿಟ್ಟ ಪಾಸ್ತಾ ಕುದಿನೀರಿಗೆ ಬಿದ್ದೊಡನೆ ಸೀಳುತ್ತದೆ.

ಮನೆಯಲ್ಲಿ ಮಾಡುವವರಿಗೆ ನಮ್ಮ ಕಡೆ ಒಂದು ಅನುಕೂಲವಿದೆ. ಕಿರಾಣಿ ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೇಳಿದರೆ ಕೊಡುವುದು ಡ್ಯೂರಮ್ ಜಾತಿಯ ಗೋಧಿಯ ರವೆಯೇ. ಚಿರೋಟಿ ರವೆ ಅದಕ್ಕಿಂತ ನುಣ್ಣಗಿದ್ದರೂ ಸಾಮಾನ್ಯವಾಗಿ ಚಪಾತಿ ಗೋಧಿಯಿಂದ ಬಂದದ್ದಾಗಿರುತ್ತದೆ. ನುಣುಪು ನೋಡಿ ಅದನ್ನು ಆರಿಸಿಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ತಳಿಗಳನ್ನು ಅಭಿವೃದ್ಧಿಪಡಿಸಿರುವ ಜವೆ ಗೋಧಿಯಿಂದಲೂ ಪಾಸ್ತಾ ಆಗುತ್ತದೆ, ರುಚಿಯೂ ಹೆಚ್ಚು. ಆದರೆ ಅದರ ಹಿಟ್ಟು ಬೇಗ ಹರಿಯುತ್ತದೆ. ಆದ್ದರಿಂದ ಮೊದಲ ಸಲ ಅರ್ಧ ಬನ್ಸಿ, ಅರ್ಧ ಜವೆ ಬೆರೆಸಿಕೊಳ್ಳುವುದು ಕ್ಷೇಮ. ಚಪಾತಿಯ ಹಿಟ್ಟನ್ನು ಬಳಸಲೇಬೇಡಿ. ಅದರ ತೌಡು ಅಂಟಿನ ಜಾಲವನ್ನು ಅಲ್ಲಲ್ಲಿ ಕತ್ತರಿಸುತ್ತದೆ.

## ಹಂತ 2: ಆಕಾರಕ್ಕೆ ತಕ್ಕ ಸಾಸು

ಉದ್ದ ಎಳೆಯ ಸ್ಪಗೆಟ್ಟಿಗೆ ಎಣ್ಣೆ-ಬೆಳ್ಳುಳ್ಳಿಯಂಥ ತೆಳುವಾದ ಲೇಪ ಹೊಂದುತ್ತದೆ. ಕೊಳವೆಯಾಕಾರದ ಪೆನ್ನೆ ಮತ್ತು ತಿರುಚಿದ ಫುಸಿಲ್ಲಿ ಟೊಮೆಟೊ ಗೊಜ್ಜನ್ನೂ ತರಕಾರಿಯ ಚೂರುಗಳನ್ನೂ ಹಿಡಿದುಕೊಳ್ಳುತ್ತವೆ. ಮ್ಯಾಕರೋನಿಗೆ ಹಾಲಿನ ಬಿಳಿ ಸಾಸು ಒಪ್ಪುತ್ತದೆ. ಅಕ್ಕಿಕಾಳಿನಂಥ ಓರ್ಜೊವನ್ನು ಸೂಪಿಗೆ ಹಾಕಬಹುದು. ಮದುವೆಯ ಪಾಯಸಕ್ಕೆಂದು ಬೆರಳಲ್ಲಿ ಹೊಸೆಯುವ ಗೌಲಿಯನ್ನು ಬಲ್ಲವರಿಗೆ ಓರ್ಜೊ ಅಪರಿಚಿತವೆನಿಸದು. ಎರಡು ಆಕಾರಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಬಾರದು, ಒಂದು ಬೇಯುವಷ್ಟರಲ್ಲಿ ಇನ್ನೊಂದು ಕರಗಿರುತ್ತದೆ.

## ಹಂತ 3: ನೀರಿನಲ್ಲಿ ನಾದುವ ಹಿಟ್ಟು

ಮೊಟ್ಟೆ ತಿನ್ನದ ಮನೆಗಳು ನಮ್ಮಲ್ಲಿ ಬಹಳ, ಹಾಗಾಗಿ ಇದನ್ನೇ ಮೊದಲು ಕಲಿಯುವುದು ಒಳ್ಳೆಯದು. ಅಳತೆ ಸರಳ: ಎರಡು ಪಾಲು ರವೆಗೆ ಒಂದು ಪಾಲು ನೀರು, ಎರಡೂ ತೂಕದ ಲೆಕ್ಕದಲ್ಲಿ. ಇಬ್ಬರಿಗೆ 200 ಗ್ರಾಂ ರವೆ, 100 ಗ್ರಾಂ ಉಗುರುಬೆಚ್ಚಗಿನ ನೀರು ಸಾಕು.

ಬನ್ಸಿ ರವೆ ಅಂಗಡಿಯಿಂದ ಬಂದ ಹಾಗೆಯೇ ನಾದಲು ಬಾರದಷ್ಟು ದಪ್ಪವಾಗಿರುತ್ತದೆ. ಗಿರಣಿಗೆ ಕೊಟ್ಟು ಇನ್ನೊಮ್ಮೆ ಸಣ್ಣಗೆ ಬೀಸಿಸಬೇಕು ಅಥವಾ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ತಿರುವಿ ಸಣ್ಣ ಜರಡಿಯಲ್ಲಿ ಸಾಣಿಸಬೇಕು. ಗಿರಣಿಗೆ ಹೋದರೆ ಜೋಳ ಬೀಸಿದ ಕಲ್ಲಿಗೇ ಹಾಕದಂತೆ ಹೇಳಿ, ಜೋಳದ ಹಿಟ್ಟಿನಲ್ಲಿ ಅಂಟು ಇರುವುದಿಲ್ಲ. ಮಿಕ್ಸಿ ಬಿಸಿಯಾದರೆ ನಿಲ್ಲಿಸಿ, ಪುಡಿ ಆರಿದ ಮೇಲೆ ಮುಂದುವರಿಸಿ.

ನೀರನ್ನು ಒಮ್ಮೆಲೇ ಸುರಿಯದೆ ಮುಕ್ಕಾಲು ಭಾಗ ಹಾಕಿ ಬೆರಳುಗಳಿಂದ ಕಲಸಬೇಕು. ಈ ಹಂತದಲ್ಲಿ ಅದು ಉದುರುದುರಾಗಿ, ಒದ್ದೆ ಮರಳಿನಂತೆ ಕಾಣುತ್ತದೆ. ಇಲ್ಲಿಯೇ ಹೆಚ್ಚಿನವರು ಗಾಬರಿಯಾಗಿ ಇನ್ನಷ್ಟು ನೀರು ಸುರಿಯುತ್ತಾರೆ. ರವೆ ನೀರನ್ನು ನಿಧಾನವಾಗಿ ಕುಡಿಯುತ್ತದೆ. ಹತ್ತು ನಿಮಿಷ ಒದ್ದೆ ಬಟ್ಟೆ ಮುಚ್ಚಿಟ್ಟು ಮತ್ತೆ ಮುಟ್ಟಿ ನೋಡಿದರೆ ಅದೇ ಉದುರು ಹಿಟ್ಟು ಒಂದಕ್ಕೊಂದು ಕೂಡಿಕೊಂಡಿರುತ್ತದೆ. ಅದಾದ ಮೇಲೆ ಉಳಿದ ನೀರನ್ನು ಅಂಗೈಗೆ ಸವರಿಕೊಳ್ಳುತ್ತ, ಅಂಗೈಯ ಬುಡದಿಂದ ಒತ್ತಿ ಹತ್ತು ನಿಮಿಷ ನಾದಬೇಕು.

ಹಿಟ್ಟು ಚಪಾತಿಯದಕ್ಕಿಂತ ಗಟ್ಟಿ, ಪೂರಿಯದಕ್ಕಿಂತಲೂ ಒಂದು ಕೈ ಗಟ್ಟಿಯಾಗಿರಬೇಕು. ಅದನ್ನು ಮುಚ್ಚಿ ಅರ್ಧ ಗಂಟೆ ಬಿಡಿ. ರವೆ ದಪ್ಪ ಉಳಿದಿದ್ದರೆ ಒಂದು ಗಂಟೆಗೂ ಹೆಚ್ಚು ಬಿಟ್ಟು ಮತ್ತೊಮ್ಮೆ ನಾದಿ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಮೇಲೇಳುವುದು ಹದದ ಗುರುತು. ಗುಳಿ ಹಾಗೆಯೇ ಉಳಿದರೆ ನೀರು ಹೆಚ್ಚಾಗಿದೆ. ಅಂಚುಗಳು ಬಿರಿದರೆ ನೀರು ಕಡಿಮೆಯಾಗಿದೆ ಅಥವಾ ವಿಶ್ರಾಂತಿ ಸಾಲದಾಗಿದೆ, ಮತ್ತು ಎರಡನೆಯದೇ ಹೆಚ್ಚು ಸಲ ನಿಜವಾಗಿರುತ್ತದೆ. ಆದ್ದರಿಂದ ಮೊದಲು ಕಾಯಿರಿ, ಆಮೇಲೆ ನೀರು ಮುಟ್ಟಿ. ನಾದುವಾಗ ಎಣ್ಣೆ ಬೇಡ, ಉಪ್ಪು ಬೇಡ.

## ಹಂತ 4: ಮೊಟ್ಟೆಯ ಹಿಟ್ಟು

ಅಗಲ ಪಟ್ಟಿಯ ಟ್ಯಾಲಿಯಾತೆಲ್ಲೆ, ಹಾಳೆಯಂಥ ಲಸಾನ್ಯ ಬೇಕಾದವರು 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆಯ ಲೆಕ್ಕ ಹಿಡಿಯಬೇಕು. ಸಿಪ್ಪೆ ತೆಗೆದ ಮೇಲೆ ಮೊಟ್ಟೆ ಸುಮಾರು 50 ಗ್ರಾಂ ತೂಗಬೇಕು. ಸಣ್ಣದಿದ್ದರೆ ಇನ್ನೊಂದರ ಹಳದಿ ಭಾಗವನ್ನು ಸೇರಿಸಿಕೊಳ್ಳಿ. ಹತ್ತು ನಿಮಿಷ ನಾದಿ, ಅರ್ಧ ಗಂಟೆ ಮುಚ್ಚಿಟ್ಟು, ಒಂದು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಬೇಕು. ಹಾಳೆಯ ಕೆಳಗೆ ಇಟ್ಟ ಬೆರಳುಗಳ ನೆರಳು ಕಂಡರೆ ಹದ ಸರಿಯಾಗಿದೆ ಎಂದರ್ಥ. ಈ ಪಾಸ್ತಾವನ್ನು ಮನೆಯಲ್ಲಿ ಒಣಗಿಸಿ ಡಬ್ಬಿ ತುಂಬಬಾರದು. ಹಸಿ ಮೊಟ್ಟೆಯ ಅಪಾಯವಿರುವುದರಿಂದ ಅದೇ ದಿನ ಬೇಯಿಸಿ ಅಥವಾ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ.

## ಹಂತ 5: ಆಕಾರ ಕೊಡುವುದು

ರವೆಯ ಹಿಟ್ಟನ್ನು ಲಟ್ಟಿಸಲು ಹೋಗಿ ತೋಳು ನೋಯಿಸಿಕೊಳ್ಳುವ ಬದಲು ಬೆರಳಿನಿಂದ ಮಾಡುವ ಕವತೆಲ್ಲಿಯಿಂದ ಆರಂಭಿಸಬೇಕು. ಹಿಟ್ಟನ್ನು ಕಿರುಬೆರಳಿನ ದಪ್ಪದ ಹಗ್ಗದಂತೆ ಹೊಸೆದು, ಎರಡು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಎರಡು ಬೆರಳ ತುದಿಯಿಂದ ಒತ್ತಿ ನಿಮ್ಮ ಕಡೆಗೆ ಎಳೆದುಕೊಂಡರೆ ಅದು ತಾನಾಗಿಯೇ ದೋಣಿಯಂತೆ ಸುರುಳಿಕೊಳ್ಳುತ್ತದೆ. ಅದನ್ನೇ ಶ್ಯಾವಿಗೆ ಮಣೆಯ ಗೀರುಗಳ ಮೇಲೆ ಎಳೆದರೆ ಹೊರಮೈಗೆ ಸಾಲುಸಾಲು ಗೆರೆ ಮೂಡುತ್ತದೆ, ಸಾಸು ಆ ಗೆರೆಗಳಲ್ಲಿ ನಿಲ್ಲುತ್ತದೆ. ಇಟಲಿಯವರು ಇದಕ್ಕೆಂದೇ ಬೇರೆ ಹಲಗೆ ಇಟ್ಟುಕೊಳ್ಳುತ್ತಾರೆ. ನಮಗೆ ಅದರ ಅಗತ್ಯವಿಲ್ಲ.

ಹಿಟ್ಟು ಎಳೆಯುವಾಗ ಜಾರಿದರೆ ಮಣೆಯ ಮೇಲಿನ ಒಣ ಹಿಟ್ಟು ಒರೆಸಿ ಹಾಕಿ. ಒತ್ತಡ ಹಿಡಿಯಲು ತುಸು ಒರಟು, ಒಣಗಿದ ಮರವೇ ಬೇಕು. ಸ್ಟೀಲ್ ಕಟ್ಟೆಯಾಗಲಿ ಗ್ರಾನೈಟ್ ಆಗಲಿ ಆಗದು. ಮಾಡಿದ ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ರವೆ ಉದುರಿಸಿದ ಬಟ್ಟೆಯ ಮೇಲೆ ಹರಡಬೇಕು. ಒಂದು ಮಾಡುತ್ತಿರುವಾಗ ಉಳಿದ ಹಿಟ್ಟಿನ ಮೇಲಿನ ಒದ್ದೆ ಬಟ್ಟೆ ಸರಿಯದಿರಲಿ. ಫ್ಯಾನಿನ ಗಾಳಿ ಐದೇ ನಿಮಿಷ ತಾಗಿದರೂ ಮೇಲೆ ಸಿಪ್ಪೆ ಕಟ್ಟುತ್ತದೆ, ಆ ಸಿಪ್ಪೆ ಮತ್ತೆ ಹಿಟ್ಟಿನಲ್ಲಿ ಕರಗುವುದಿಲ್ಲ.

ಎಳೆ ಬೇಕೆನ್ನುವವರು ಶ್ಯಾವಿಗೆ ಯಂತ್ರಕ್ಕೆ ಇರುವುದರಲ್ಲಿ ದಪ್ಪ ತೂತಿನ ಬಿಲ್ಲೆ ಹಾಕಿ ಒತ್ತಬಹುದು. ಯಂತ್ರಕ್ಕೆ ಹಾಕುವ ಹಿಟ್ಟಿಗೆ ನೀರು ಇನ್ನೂ ಕಡಿಮೆ ಇರಬೇಕು, 200 ಗ್ರಾಂಗೆ 80 ಗ್ರಾಂನ ಆಸುಪಾಸಿನಲ್ಲಿ. ಹೊರಬಂದ ಎಳೆಗಳು ಒಂದಕ್ಕೊಂದು ಅಂಟಿದರೆ ನೀರು ಇಳಿಸಿ. ಮೈಯೆಲ್ಲ ಹರಕು ಹರಕಾಗಿ ಬಂದರೆ ಒಂದೊಂದೇ ಚಮಚ ಏರಿಸಿ.

## ಹಂತ 6: ಒಣಗಿಸುವುದು

ಶ್ಯಾವಿಗೆಯನ್ನು ಬಿಸಿಲಿಗೆ ಹಾಕುವ ರೂಢಿಯನ್ನು ದಪ್ಪ ಪಾಸ್ತಾಕ್ಕೆ ಹಾಗೆಯೇ ಅನ್ವಯಿಸಬಾರದು. ಕೂದಲಿನಂಥ ಎಳೆ ಒಳಗೂ ಹೊರಗೂ ಒಟ್ಟಿಗೇ ಒಣಗುತ್ತದೆ. ಕವತೆಲ್ಲಿಯಂಥ ದಪ್ಪ ತುಂಡು ಏಪ್ರಿಲ್ ಬಿಸಿಲಿನಲ್ಲಿ ಹೊರಗೆ ಬಿಗಿದು ಒಳಗೆ ಹಸಿಯಾಗಿಯೇ ಉಳಿದು ಮರುದಿನ ಸೀಳುತ್ತದೆ. ಮೊದಲ ಒಂದು ಗಂಟೆ ಫ್ಯಾನಿನಡಿ ಇಟ್ಟು ಮೇಲ್ಮೈ ಬಿಗಿಯುವಂತೆ ಮಾಡಿ, ಅನಂತರ ನೆರಳಿನಲ್ಲಿ, ಹತ್ತಿ ಬಟ್ಟೆಯ ಮೇಲೆ, ಆಗಾಗ ಹೊರಳಿಸುತ್ತ ಒಂದೆರಡು ದಿನ ಬಿಡಬೇಕು.

ಒಣಗಿತೇ ಇಲ್ಲವೇ ಎಂಬುದನ್ನು ತಕ್ಕಡಿ ಹೇಳುತ್ತದೆ. 200 ಗ್ರಾಂ ರವೆಗೆ 100 ಗ್ರಾಂ ನೀರು ಹಾಕಿದ್ದೀರಿ, ಆ ನೀರೆಲ್ಲ ಹೋಗಬೇಕು. ಆದುದರಿಂದ ಪಾಸ್ತಾದ ತೂಕ ನೀವು ನಾದಲು ಬಳಸಿದ ರವೆಯ ತೂಕಕ್ಕೆ ಮರಳಿದಾಗ ಮಾತ್ರ ಡಬ್ಬಿ ತುಂಬಬಹುದು. ಮುರಿದಾಗ ಟಪ್ಪೆಂದು ತುಂಡಾಗದೆ ಬಾಗಿದರೆ ಇನ್ನೂ ಹಸಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಥಂಡಿಯಲ್ಲಿ ಒಣಗಿಸುವ ಸಾಹಸವೇ ಬೇಡವೆಂದು ನನ್ನ ಸಲಹೆ. ಒಂದು ಜುಲೈನಲ್ಲಿ ಒಂದು ಕಿಲೋದಷ್ಟನ್ನು ಅಡುಗೆಮನೆಯಲ್ಲಿ ಹರಡಿ, ಮೂರನೆಯ ದಿನ ಬೂದು ಬಣ್ಣದ ಬೂಷ್ಟು ಕಂಡು ಎಲ್ಲವನ್ನೂ ಎಸೆದಿದ್ದೇನೆ. ಬೂಷ್ಟು ಒಂದು ತುಂಡಿನಲ್ಲಿ ಕಂಡರೂ ಪೂರ್ತಿ ಎಸೆಯಬೇಕು, ಒರೆಸಿ ಬಳಸಬಾರದು.

## ಹಂತ 7: ಬೇಯಿಸುವುದು

ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ. ಪ್ರತಿ 100 ಗ್ರಾಂಗೆ ಒಂದು ಲೀಟರ್ ನೀರು. ಪ್ರತಿ ಲೀಟರಿಗೆ ಒಂದೂವರೆ ಟೀ ಚಮಚ, ಎಂದರೆ ಸುಮಾರು 9 ಗ್ರಾಂ ಪುಡಿ ಉಪ್ಪು. ನಾಲ್ವರಿಗೆ ನಾಲ್ಕು ಲೀಟರ್ ನೀರೆಂದರೆ ಅತಿಯಾಯಿತೆಂದು ಅನಿಸಬಹುದು. ಆದರೆ ನೀರು ಕಡಿಮೆಯಿದ್ದರೆ ಪಾಸ್ತಾ ಬಿದ್ದೊಡನೆ ಕುದಿ ನಿಂತುಹೋಗುತ್ತದೆ, ಬಿಟ್ಟ ಪಿಷ್ಟವೆಲ್ಲ ಅದರಲ್ಲಿಯೇ ಗಂಜಿಯಾಗುತ್ತದೆ. ಕಡಿಮೆ ನೀರಿನಲ್ಲಿಯೂ ಬೇಯಿಸಬಹುದು, ಆಗ ಬಿಡದೆ ಕದಡುತ್ತಲೇ ನಿಲ್ಲಬೇಕು. ಹೊಸಬರಿಗೆ ಅದು ಬೇಡ.

ಗದಗ ಕಡೆಯ ಹಲವು ಊರುಗಳಲ್ಲಿ ಬೋರ್‌ವೆಲ್ ನೀರು ಸವಳಾಗಿರುತ್ತದೆ. ಇಂಥ ಗಡಸು, ಕ್ಷಾರದ ನೀರಿನಲ್ಲಿ ಪಾಸ್ತಾ ಹೆಚ್ಚು ಪಿಷ್ಟ ಬಿಟ್ಟು ಜಿಗುಟಾಗುತ್ತದೆ. ಕುಡಿಯುವ ಸಿಹಿನೀರನ್ನೇ ಬಳಸಿ. ಅದು ಸಾಲದಿದ್ದರೆ ಪಾತ್ರೆಗೆ ಒಂದು ಚಮಚ ಲಿಂಬೆರಸ ಹಿಂಡಿ, ಉಪ್ಪನ್ನು ನೀರಿನ ರುಚಿ ನೋಡಿಯೇ ಹಾಕಿ.

ನೀರು ಬುಳುಬುಳು ಕುದಿಯುವ ಮೊದಲು ಪಾಸ್ತಾ ಹಾಕಬಾರದು. ಹಾಕಿದ ಮೇಲೆ ಮೊದಲ ಎರಡು ನಿಮಿಷ ಕದಡುವುದನ್ನು ಬಿಡಬಾರದು. ಮೇಲ್ಮೈಯ ಪಿಷ್ಟ ಉಬ್ಬಿ ಅಂಟಾಗುವುದು ಆಗಲೇ; ಆ ಹೊತ್ತಿನಲ್ಲಿ ಬಿಡಿಬಿಡಿಯಾಗಿ ಉಳಿದದ್ದು ಮುಂದೆ ಅಂಟುವುದಿಲ್ಲ. ನೀರಿಗೆ ಎಣ್ಣೆ ಹಾಕುವ ಪದ್ಧತಿಯನ್ನು ದಯವಿಟ್ಟು ಬಿಡಿ. ಅದು ಮೇಲೆ ತೇಲುತ್ತಿದ್ದು, ಬಸಿಯುವಾಗ ಪಾಸ್ತಾಕ್ಕೆ ಮೆತ್ತಿಕೊಂಡು, ಸಾಸನ್ನು ಜಾರಿಸುತ್ತದೆ. ತಟ್ಟೆಯ ತಳದಲ್ಲಿ ಸಾಸು ನಿಲ್ಲುವ ದೂರಿಗೆ ಇದೂ ಒಂದು ಮೂಲ.

ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುವವರಿಗೆ ಒಂದು ಎಚ್ಚರಿಕೆ: ಪಿಷ್ಟದ ನೊರೆ ಏರಿ ಸೀಟಿಯ ರಂಧ್ರವನ್ನು ಮುಚ್ಚಬಹುದು. ಸಮಯ ಉಳಿಸುವ ಆಸೆಗೆ ಅಪಾಯ ತಂದುಕೊಳ್ಳಬೇಡಿ.

ಪೊಟ್ಟಣದ ಮೇಲಿನ ನಿಮಿಷಗಳು ಅಂದಾಜು ಮಾತ್ರ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97-98 ಡಿಗ್ರಿ ಸೆಲ್ಸಿಯಸ್‌ಗೆ. ತುಸು ಹೆಚ್ಚು ಹೊತ್ತು ಹಿಡಿದರೆ ಆಶ್ಚರ್ಯವಿಲ್ಲ. ಹೇಳಿದ ಸಮಯಕ್ಕೆ ಎರಡು ನಿಮಿಷ ಮೊದಲೇ ಒಂದು ತುಂಡು ತೆಗೆದು ಅಡ್ಡ ಕತ್ತರಿಸಿ. ನಡುವೆ ಬೆಳ್ಳಗೆ ದಪ್ಪ ಚುಕ್ಕೆಯಿದ್ದರೆ ಇನ್ನೂ ಹಸಿ. ಸೂಜಿಮೊನೆಯಷ್ಟು ಉಳಿದಿದ್ದರೆ ಸಾಸಿಗೆ ಹಾಕುವ ಹೊತ್ತು. ಚುಕ್ಕೆ ಮಾಯವಾಗಿ ಅಂಚು ಉಬ್ಬಿದ್ದರೆ ಹದ ಮೀರಿದೆ. ಮನೆಯಲ್ಲಿ ಮಾಡಿದ ಹಸಿ ಪಾಸ್ತಾಕ್ಕೆ ಈ ಚುಕ್ಕೆ ಕಾಣುವುದಿಲ್ಲ. ಮೊಟ್ಟೆಯ ಪಟ್ಟಿಗೆ ಎರಡು-ಮೂರು ನಿಮಿಷ ಸಾಕು, ದಪ್ಪ ಕವತೆಲ್ಲಿ ಮೇಲೆ ತೇಲಿದ ಮೇಲೂ ಕೆಲವು ನಿಮಿಷ ಬೇಕು. ಕಚ್ಚಿ ನೋಡುವುದೇ ದಾರಿ.

ಬಸಿಯುವ ಮೊದಲು ಒಂದು ಲೋಟ ಬೆಂದ ನೀರನ್ನು ಎತ್ತಿಡಲೇಬೇಕು. ಬಸಿದ ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆಯಬಾರದು. ಸಾಸನ್ನು ಹಿಡಿಯುವುದು ಆ ಮೇಲಿನ ಪಿಷ್ಟದ ಪದರವೇ. ತಣ್ಣಗೆ ತಿನ್ನುವ ಸಲಾಡಿಗೆ ಮಾತ್ರ ತೊಳೆಯಬಹುದು.

## ಹಂತ 8: ಸಾಸಿನೊಂದಿಗೆ ಕೂಡಿಸುವುದು

ಪಾಸ್ತಾ ಸಾಸಿಗಾಗಿ ಕಾಯಬಾರದು, ಸಾಸು ಪಾಸ್ತಾಕ್ಕಾಗಿ ಕಾಯಬೇಕು. ನಾಲ್ವರಿಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ಹಣ್ಣಾದ ಟೊಮೆಟೊ, ನಾಲ್ಕೈದು ಎಸಳು ಬೆಳ್ಳುಳ್ಳಿ, ಮೂರು ದೊಡ್ಡ ಚಮಚ ಎಣ್ಣೆ ಬೇಕು. ಬೀಜ ತೆಗೆದ ಎರಡು ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಖಾರ ಏರದೆ ಕೆಂಪು ಬರುತ್ತದೆ, ಬಣ್ಣಕ್ಕೆಂದು ಬಾಟಲಿಯ ಕೆಚಪ್ ಸುರಿಯುವ ಅಗತ್ಯ ಬೀಳುವುದಿಲ್ಲ. ಬೆಳ್ಳುಳ್ಳಿ ತಿಳಿ ಹೊಂಬಣ್ಣಕ್ಕೆ ಬಂದೊಡನೆ ಟೊಮೆಟೊ ಹಾಕಬೇಕು, ಕಂದಾದರೆ ಕಹಿ. ಇಪ್ಪತ್ತು ನಿಮಿಷ ಬೆಂದು ಎಣ್ಣೆ ಅಂಚಿಗೆ ಬಿಟ್ಟಾಗ ಗೊಜ್ಜು ಸಿದ್ಧ.

ಅದಕ್ಕೆ ಪಾಸ್ತಾವನ್ನೂ ಎತ್ತಿಟ್ಟ ನೀರಿನಲ್ಲಿ ಅರ್ಧ ಲೋಟವನ್ನೂ ಹಾಕಿ, ಉರಿ ಏರಿಸಿ, ಒಂದೆರಡು ನಿಮಿಷ ಬಾಣಲೆಯನ್ನು ಕುಲುಕುತ್ತ ಹೊರಳಿಸಬೇಕು. ಪಿಷ್ಟದ ನೀರು ಎಣ್ಣೆಯನ್ನೂ ಟೊಮೆಟೊ ರಸವನ್ನೂ ಒಂದುಗೂಡಿಸುತ್ತದೆ. ಸೌಟು ಎಳೆದಾಗ ಬಾಣಲೆಯ ತಳ ಒಂದು ಗಳಿಗೆ ಕಂಡು ಮತ್ತೆ ಮುಚ್ಚಿಕೊಂಡರೆ ಇಳಿಸಿ. ನೀರು ಹರಿದರೆ ಇನ್ನರ್ಧ ನಿಮಿಷ. ಒಣಗಿದ್ದರೆ ಒಂದು ಸೌಟು ನೀರು.

ಬೆಳ್ಳುಳ್ಳಿ-ಎಣ್ಣೆಯ ಸ್ಪಗೆಟ್ಟಿಗೂ ಇದೇ ಕ್ರಮ. ಆಲಿವ್ ಎಣ್ಣೆ ಇಲ್ಲದಿದ್ದರೆ ಗಾಣದ ಕುಸುಬಿ ಎಣ್ಣೆಯನ್ನು ಪ್ರಯತ್ನಿಸಿ. ರುಚಿ ಇಟಲಿಯದಲ್ಲ, ಆದರೆ ಬೆಳ್ಳುಳ್ಳಿಗೆ ಚೆನ್ನಾಗಿ ಕೂಡುತ್ತದೆ. ಶೇಂಗಾ ಚಟ್ನಿಪುಡಿ ಉದುರಿಸುವ ಆಸೆಯಿದ್ದರೆ ತಟ್ಟೆಯಲ್ಲಿ ಉದುರಿಸಿ, ಬಾಣಲೆಗೆ ಹಾಕಿದರೆ ಅದು ಇದ್ದ ತೇವವನ್ನೆಲ್ಲ ಹೀರಿಬಿಡುತ್ತದೆ.

ಬಿಳಿ ಸಾಸಿಗೆ 30 ಗ್ರಾಂ ಬೆಣ್ಣೆ, 30 ಗ್ರಾಂ ಮೈದಾ, ಅರ್ಧ ಲೀಟರ್ ಹಾಲು. ಬೆಣ್ಣೆಯಲ್ಲಿ ಮೈದಾವನ್ನು ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿದು, ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಕದಡಿದರೆ ಗಂಟಾಗುವುದಿಲ್ಲ. ಕುದಿಯುವ ಟೊಮೆಟೊಗೆ ಹಾಲು ಸುರಿದರೆ ಒಡೆಯುತ್ತದೆ. ಗುಲಾಬಿ ಬಣ್ಣದ ಸಾಸು ಬೇಕಿದ್ದರೆ ಉರಿ ಇಳಿಸಿ ಕೆನೆ ಹಾಕಿ. ಚೀಸನ್ನು ಯಾವಾಗಲೂ ಒಲೆ ಆರಿಸಿದ ಮೇಲೆಯೇ ಸೇರಿಸಬೇಕು.

## ಹಂತ 9: ಉಳಿದದ್ದು ಮತ್ತು ಮಕ್ಕಳ ಬುತ್ತಿ

ಉಳಿದ ಪಾಸ್ತಾವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಎರಡು ದಿನದೊಳಗೆ ಮುಗಿಸಬೇಕು. ಜಿಗುಟಾಗಿದ್ದರೆ ಅಥವಾ ಹುಳಿವಾಸನೆ ಬಂದರೆ ಬಿಸಿ ಮಾಡಿ ತಿನ್ನಲು ಹೋಗಬೇಡಿ. ಬಿಸಿ ಮಾಡುವಾಗ ಎರಡು ಚಮಚ ನೀರು ಚಿಮುಕಿಸಿ ಮುಚ್ಚಳ ಹಾಕಿದರೆ ಮೊದಲಿನ ಹದಕ್ಕೆ ಹತ್ತಿರ ಬರುತ್ತದೆ.

ಶಾಲೆಯ ಡಬ್ಬಿಗೆ ಕಟ್ಟುವುದಾದರೆ ಲೆಕ್ಕ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ತುಂಬಿದ ಪಾಸ್ತಾ ಮಧ್ಯಾಹ್ನದವರೆಗೂ ಸಾಸಿನ ನೀರನ್ನು ಕುಡಿಯುತ್ತಲೇ ಇರುತ್ತದೆ. ಉದ್ದ ಎಳೆಯನ್ನು ಬಿಟ್ಟು ಪೆನ್ನೆಯನ್ನೋ ಫುಸಿಲ್ಲಿಯನ್ನೋ ಆರಿಸಿ, ಒಂದು ನಿಮಿಷ ಮೊದಲೇ ಬಸಿದು, ಟೊಮೆಟೊ ಗೊಜ್ಜನ್ನು ತಟ್ಟೆಗೆ ಬಡಿಸುವುದಕ್ಕಿಂತ ಎರಡು ಸೌಟು ನೀರಾಗಿ ಇಳಿಸಿ. ಬಿಳಿ ಸಾಸನ್ನು ಬೇಸಿಗೆಯ ಡಬ್ಬಿಗೆ ಹಾಕಬೇಡಿ. ಬಿಸಿ ಹಬೆ ಆರುವವರೆಗೆ ಮುಚ್ಚಳವನ್ನು ಬಿಗಿಯದಿರಿ. ಹಬೆ ಒಳಗೇ ಇಳಿದು ನೀರಾದರೆ, ಇಷ್ಟೆಲ್ಲ ಅಳೆದು ಮಾಡಿದ್ದು ಡಬ್ಬಿಯಲ್ಲಿ ಮುದ್ದೆಯಾಗುತ್ತದೆ.